ಹೊಸ್ತಿಲಡಿಯ ಹಳದಿ ಹಾಳೆ

ಕಾಶಿನಾಥ ತನ್ನದೇ ಗೋದಾಮಿನೊಳಕ್ಕೆ ಕಿಟಕಿಯಿಂದ ಇಳಿಯುತ್ತಿದ್ದ.

ಶಲವಡಿಯ ರೈತ ಉತ್ಪಾದಕರ ಕಂಪನಿಯ ಅಧ್ಯಕ್ಷ, ಐವತ್ತು ದಾಟಿದ ಗೃಹಸ್ಥ, ಇಸ್ತ್ರಿ ಮುರಿಯದ ಬಿಳಿ ಅಂಗಿಯವನು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಹಾಕಿ ಚೌಕಟ್ಟಿನ ಮೇಲೆ ಕುದುರೆ ಸವಾರನಂತೆ ಕುಳಿತಿದ್ದ. ಒಳಗೆ ಗೊಬ್ಬರದ ಚೀಲದ ಮೇಲೆ ಅವನ ಮೊಬೈಲು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಗೋದಾಮಿನ ಬಾಗಿಲು ಪೂರಾ ತೆರೆದೇ ಇತ್ತು. ಆದರೆ ಬಾಗಿಲಿಗೆ ಹೊಸ್ತಿಲಿತ್ತು. ಹೊಸ್ತಿಲ ಮುಂದೆ ಈಗಷ್ಟೇ ಅಗೆದ ಗುಂಡಿಯಿತ್ತು. ಗುಂಡಿಯ ದಂಡೆಯ ಮೇಲೆ ಆ ವಸ್ತುವಿತ್ತು.

ಅಂಗೈಯಗಲದ ಒಂದು ಚೀಲ. ಸೊಳ್ಳೆ ಪರದೆಯ ಬಟ್ಟೆ, ಸುತ್ತ ಕೆಂಪು ದಾರದ ಹೊಲಿಗೆ, ಒಂದು ಮೂಲೆಗೆ ಕಟ್ಟಿದ ತಾಮ್ರದ ತಗಡು, ತಗಡಿನ ಮೇಲೆ ಮೊಳೆಯಿಂದ ಗೀರಿದ ಅಂಕಿ. ಒಳಗೆ ಅರಿಸಿನ ಬಣ್ಣದ್ದೊಂದು ಪಟ್ಟಿ.

ಮೂರು ಗಾಲಿಯ ಬಾಡಿಗೆ ಟಂಟಂ ಓಡಿಸುವ ಸುಭಾಸ ದೂರದಲ್ಲೇ ನಿಂತಿದ್ದ. ಇಂಥ ಮಾಟಗೀಟದಲ್ಲಿ ತನಗೆ ನಂಬಿಕೆ ಇಲ್ಲವೆಂದೂ, ಗಾಡಿಗೆ ಇದ್ದರೂ ಇರಬಹುದೆಂದೂ, ಆದ್ದರಿಂದ ಅದನ್ನು ಗಾಡಿಯಲ್ಲಿ ಇಡುವುದಾದರೆ ಮೊದಲೇ ಹೇಳಬೇಕೆಂದೂ ತಿಳಿಸಿದ. ಸುಭಾಸ ಕೇಳದೆಯೇ ಹೇಳುವ ಜಾತಿಯವನು. ಅಣ್ಣಿಗೇರಿಯಿಂದ ವಿಜಯೀಂದ್ರನನ್ನು ಇಲ್ಲಿಗೆ ಕರೆತರುವ ದಾರಿಯಲ್ಲಿ ಕಡಲೆ ಬೆಳೆ, ಟೈರಿನ ಗಾಳಿ, ತನ್ನ ಷಡ್ಡಕನ ನಡತೆ, ಎಲ್ಲದರ ಬಗ್ಗೆಯೂ ಅವನ ಅಭಿಪ್ರಾಯ ಮುಗಿದಿತ್ತು.

ವಿಜಯೀಂದ್ರ ಬಗ್ಗಿ ಚೀಲವನ್ನು ಬರಿಗೈಯಲ್ಲಿ ಎತ್ತಿಕೊಂಡ. ಕಿಟಕಿಯ ಮೇಲಿದ್ದ ಕಾಶಿನಾಥ ಕಣ್ಣು ಮುಚ್ಚಿಕೊಂಡ.

ಬೆಳೆ ವಿಮೆಯ ಸರ್ವೇಯರನಾಗಿ ಸುಟ್ಟ ಬಣವೆಗಳ ಬೂದಿ ಕೆದಕುತ್ತಲೇ ತಲೆ ಹಣ್ಣು ಮಾಡಿಕೊಂಡ ವಿಜಯೀಂದ್ರ, ನಿವೃತ್ತಿಯಾದ ಮೇಲೆ ಧಾರವಾಡದ ತನ್ನ ಮನೆಯ ಗೇಟಿಗೆ ಪತ್ತೇದಾರನೆಂದು ಬೋರ್ಡು ಹಾಕಿಕೊಂಡವನು. ಬಣವೆ ಹೇಗೆ ಸುಟ್ಟಿತೆಂದು ತಿಳಿಯಬೇಕಾದರೆ ಬೂದಿಯನ್ನು ನೋಡಬಾರದು, ಪಕ್ಕದಲ್ಲಿ ನಿಂತು ಅಳುವವನ ಕಾಲಿನ ಚಪ್ಪಲಿ ನೋಡಬೇಕು ಎಂಬುದು ಅವನ ಒಟ್ಟು ವಿದ್ಯೆ. ಕಾಶಿನಾಥನ ಹೊಲದ ಬದುವಿನಿಂದ ಕಳೆದ ವಾರ ಮಾಯವಾಗಿದ್ದ ನೇತ್ರಾಳ ಚೀಲಗಳಲ್ಲಿ ಒಂದು, ಕೊನೆಗೂ ಆ ವಿದ್ಯೆಯಿಂದಲೇ ಸಿಕ್ಕಿತ್ತು.

ನೇತ್ರಾ ಊರ ಮಗಳು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು, ಕಂಪನಿಯ ಖಾಲಿ ಶೆಡ್ಡಿನಲ್ಲಿ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಗೋವಿನಜೋಳದ, ಅಂದರೆ ಮೆಕ್ಕೆಜೋಳದ, ಹಿಟ್ಟಿನಿಂದ ಗಂಜಿ ಕಾಯಿಸುತ್ತಿದ್ದಳು. ಅದಕ್ಕೆ ನೆನೆಸಿದ ಅಗಸಿ ಬೀಜದ ಲೋಳೆ, ಒಂದಿಷ್ಟು ಗ್ಲಿಸರಿನ್, ಬೂಷ್ಟು ಹಿಡಿಯದಂತೆ ಅರಿಸಿನ. ಗಾಜಿನ ಮೇಲೆ ತೆಳ್ಳಗೆ ಸವರಿ ಒಣಗಿಸಿದರೆ ಹಳದಿ ಹಾಳೆ. ಖಾರದ ಪುಡಿ ಕಟ್ಟಿ ಮಾರಬಹುದು. ಆಮೇಲೆ ಹೊಲಕ್ಕೆ ಎಸೆದರೆ ಹೊಲದಲ್ಲೇ ಕೊಳೆತು ಮಣ್ಣಾಗುತ್ತದೆ. ಕೊಳೆಯುವ ಸಾಮಾನನ್ನು ಯಾರಾದರೂ ಕೊಂಡುಕೊಳ್ಳುತ್ತಾರೆಯೇ ಎಂದು ಊರು ಮೊದಲು ನಕ್ಕಿತು. ಕೊಳೆಯುತ್ತದೆ ಎನ್ನುವುದಕ್ಕೆ ಸರ್ಟಿಫಿಕೇಟು ಬೇಕು, ಅದನ್ನು ಕೊಡಲು ಬೆಂಗಳೂರಿನಿಂದ ಸಾಹೇಬರು ಬರುತ್ತಾರೆ ಎಂದು ತಿಳಿದ ಮೇಲೆ ನಗುವುದಕ್ಕೂ ಆಗದೆ ಸುಮ್ಮನಾಯಿತು.

ಆ ಹಾಳೆಯ ಪಟ್ಟಿಗಳನ್ನು ಚೀಲಗಳಲ್ಲಿ ಹೊಲಿದು ಮಣ್ಣಿನಲ್ಲಿ ಹುಗಿದಿಡಬೇಕು. ಹಿಂಗಾರಿ ಬೆಳೆ ಬಿತ್ತಿದಾಗ ಹುಗಿದದ್ದನ್ನು ಸಾಹೇಬರು ಬಂದು ತೆಗೆದು, ಎಷ್ಟು ಕರಗಿದೆ ಎಂದು ತೂಗಬೇಕು. ಸಾಹೇಬರು ಬರುವುದು ನಾಳೆ. ಬದುವಿನಲ್ಲಿ ಚೀಲ ಇಲ್ಲ. ಸರ್ಟಿಫಿಕೇಟು ಬರದಿದ್ದರೆ ಶೆಡ್ಡನ್ನು ಉಳ್ಳಾಗಡ್ಡಿ ಬೆಳೆದವರಿಗೆ ಈರುಳ್ಳಿ ತುಂಬಲು ವಾಪಸು ಕೊಡಬೇಕೆಂದು ಕಂಪನಿಯ ಸದಸ್ಯರು ಮೊದಲೇ ಮಾತಾಡಿಕೊಂಡಿದ್ದರು. ನೇತ್ರಾಳ ಗಂಜಿಯ ಭಗೋಣಿ ಬೀದಿಗೆ ಬೀಳುವುದಕ್ಕೂ ಉಳಿಯುವುದಕ್ಕೂ ನಡುವೆ ಇದ್ದದ್ದು ಈ ಚೀಲಗಳು ಮಾತ್ರ. ಆದರೂ ಪತ್ತೇದಾರನನ್ನು ಕರೆಸಿದ್ದು ಕಾಶಿನಾಥ, ನೇತ್ರಾ ಬೇಡವೆಂದಿದ್ದಳು. ಹೊರಗಿನವರ ಮುಂದೆ ಮರ್ಯಾದೆ ಹೋಗುತ್ತದೆಂದು ಹುಡುಗಿ ಅಂಜಿರಬೇಕು ಎಂದು ಕಾಶಿನಾಥ ಅರ್ಥ ಮಾಡಿಕೊಂಡಿದ್ದ.

ಮೊಬೈಲು ಹಿಡಿದು ಕಿಟಕಿಯಿಂದಲೇ ಹೊರಬಂದ ಅವನು, ಇದು ಇಲ್ಲೇ ಇದೆಯೆಂದು ಹೇಗೆ ಗೊತ್ತಾಯಿತೆಂದು ಕೇಳಿದ.

"ಗೊಬ್ಬರದ ಗೋದಾಮಿನ ಹೊಸ್ತಿಲಕ್ಕ ಯಾರರೆ ಸಾರಸ್ತಾರೇನ್ರಿ?" ಎಂದ ವಿಜಯೀಂದ್ರ.

ಕಾಶಿನಾಥ ನೆಲ ನೋಡಿದ. ಗುಂಡಿಯ ಸುತ್ತ ಇನ್ನೂ ಉಳಿದಿದ್ದ ನೆಲ ಸೆಗಣಿಯಿಂದ ನುಣ್ಣಗೆ ಸಾರಿಸಿಕೊಂಡಿತ್ತು. ಅದರ ಮೇಲೆ ರಂಗೋಲಿಯ ಒಂದು ಎಳೆಯೂ ಇತ್ತು. ಹೆಂಡತಿ ಹಾಕಿರಬೇಕೆಂದು ಅವನು, ಗಂಡ ಯಾರಿಗೋ ಹೇಳಿ ಹಾಕಿಸಿರಬೇಕೆಂದು ಹೆಂಡತಿ, ಹೀಗೆ ಇಬ್ಬರೂ ವಾರದಿಂದ ಅದನ್ನು ದಾಟಿಕೊಂಡೇ ಓಡಾಡಿದ್ದರು.

ಅಪರಾಧ ಮಾಡಿದ ಮೇಲೂ ನೆಲವನ್ನು ಹಾಗೇ ಬಿಟ್ಟು ಹೋಗಲು ಮನಸ್ಸು ಬಾರದವರು ಯಾರು ಎನ್ನುವುದಷ್ಟೇ ಪ್ರಶ್ನೆ. ಕಾಶಿನಾಥನಿಗೆ ಊರಲ್ಲಿ ಆಗದವರು ಯಾರೆಂದು ವಿಜಯೀಂದ್ರ ಕೇಳಿದ. ಯಾರೂ ಇಲ್ಲವೆಂದ ಕಾಶಿನಾಥ. ಸುಭಾಸ ಮುಂದೆ ಬಂದು, ಊರ ಅಗಸಿ ಬಾಗಿಲ ಕಡೆಯಿಂದ ಶುರು ಮಾಡಲೋ ಕೆರೆಯ ಕಡೆಯಿಂದಲೋ ಎಂದು ವಿನಯದಿಂದ ವಿಚಾರಿಸಿದ. ವಿಜಯೀಂದ್ರ, ಬದುವಿನ ಬಾಜುವಿನವರು ಸಾಕು ಎಂದ. ಹಾಗೆಂದ ಕೂಡಲೇ ಒಂದೇ ಹೆಸರು ಉಳಿಯಿತು, ಬಾಜುವಿನ ಹೊಲದ ಕಸ್ತೂರೆವ್ವ.

ಕಸ್ತೂರೆವ್ವನ ಮನೆಯ ಪಡಸಾಲೆಯಲ್ಲಿ ನೆಲ ನೋಡಿದೊಡನೆ ವಿಜಯೀಂದ್ರನ ಅರ್ಧ ಕೆಲಸ ಮುಗಿಯಿತು. ಅಲ್ಲಿ ಊಟವನ್ನು ತಟ್ಟೆಯಿಲ್ಲದೆ ಬಡಿಸಬಹುದಿತ್ತು.

ಅರವತ್ತರ ಕಸ್ತೂರೆವ್ವ ಕಾಲು ಚಾಚಿ ಕುಳಿತು ಕೌದಿ ಹೊಲಿಯುತ್ತಿದ್ದಳು. ಹಳೆ ಸೀರೆ, ಧೋತರ, ಯಾವುದೋ ಮೊಮ್ಮಗುವಿನ ಅಂಗಿ, ಚುನಾವಣೆಯದೊಂದು ಬಟ್ಟೆಯ ಬ್ಯಾನರು, ಎಲ್ಲ ಅವಳ ಸೂಜಿಯ ಕೆಳಗೆ ಒಂದಾಗುತ್ತಿದ್ದವು. ಬ್ಯಾನರಿನ ಅಭ್ಯರ್ಥಿಯ ಒಂದು ಕಿವಿ ಮಾತ್ರ ಹೊರಗೆ ಉಳಿದಿತ್ತು. ಬಂದವರು ಯಾಕೆ ಬಂದರೆಂದು ಅವಳು ಕೇಳಲಿಲ್ಲ. ಮೊದಲು ಚಹಾ ಕುಡಿಯಿರಿ ಎಂದಳು. ಬೆಳಗಿನಿಂದ ಮನೆಮನೆಯಲ್ಲೂ ವಿಚಾರಣೆಗೊಂದು ಕಪ್ಪು ಕುಡಿದಿದ್ದ ವಿಜಯೀಂದ್ರ, ಬೇಡವೆಂದರೆ ಸಾಕ್ಷಿ ಕೆಡುತ್ತದೆಂದು ಬಲ್ಲವನಾದ್ದರಿಂದ ಈ ಕಪ್ಪನ್ನೂ ಕರ್ತವ್ಯವೆಂದು ಸ್ವೀಕರಿಸಿದ.

ಅಷ್ಟರಲ್ಲಿ ಕಾಶಿನಾಥನ ಫೋನಿಗೆ ಓಗೊಟ್ಟು ನೇತ್ರಾ ಬಂದಳು. ಕೈಗೆ ಮೊಣಕೈತನಕ ಗಂಜಿ ಒಣಗಿತ್ತು. ವಿಜಯೀಂದ್ರನ ಅಂಗೈ ಮೇಲಿನ ಚೀಲವನ್ನು ನೋಡಿ, ಬಾಗಿಲ ಬಳಿಯ ಗೋಡೆಗೆ ಒರಗಿ ನಿಂತಳು. ಸಿಕ್ಕಿತಲ್ಲ ಎಂದು ಅವಳು ಕುಣಿಯಬೇಕಿತ್ತು. ಕುಣಿಯಲಿಲ್ಲ.

ವಿಜಯೀಂದ್ರ ಚೀಲವನ್ನು ಕೌದಿಯ ಮೇಲೆ ಇಟ್ಟ.

"ಇದನ್ನ ಹುಗದವರು ಯಾರಂತ ನಿಮಗ ಗೊತ್ತದ ಏನ್ರಿ ಅವ್ವಾ?"

"ನಾನ ರಿ ರಾಯರ," ಎಂದಳು ಕಸ್ತೂರೆವ್ವ, ದಾರವನ್ನು ಹಲ್ಲಿನಿಂದ ಕಡಿದು. "ನಂದಲ್ಲದ್ದು ನನ್ನ ಬದುವಿನ್ಯಾಗ ಸಿಕ್ತು. ಯಾರದೈತಿ ಅವರಿಗೆ ಮುಟ್ಟಿಸಿದೆ."

ಆಮೇಲಿನದನ್ನು ಅವಳು ಹೊಲಿಗೆ ನಿಲ್ಲಿಸದೆಯೇ ಹೇಳಿದಳು. ಎಮ್ಮೆ ಹಾಲು ಕಟ್ಟಿತು. ಯಜಮಾನ ಹೊಳೆಪ್ಪನ ಮೊಣಕಾಲು ಹಿಡಿಯಿತು. ಮಿಕ್ಸಿ ಸುಟ್ಟಿತು, ಅದೂ ಶೇಂಗಾ ಹಿಂಡಿ ಮಾಡುವಾಗ. ಹೀಗಿರುವಾಗ ಬದುವಿನಲ್ಲಿ ಹುಲ್ಲು ಕೊಯ್ಯಲು ಹೋದರೆ ಕರಿ ಮಣ್ಣಿನಲ್ಲಿ ಕೆಂಪು ದಾರ ಕಂಡಿತು. ಎಳೆದರೆ ತಾಮ್ರದ ಯಂತ್ರ. ಒಳಗೆ ಅರಿಸಿನದ್ದು ಏನೋ. ಸುತ್ತಲೂ ಪರದೆ, ಒಳಗಿನದು ಹೊರಗೆ ಬರಬಾರದೆಂದು. ಇಂಥದ್ದನ್ನು ಇಟ್ಟವರಿಗೇ ಹಿಂತಿರುಗಿಸಬೇಕೆಂದು ಯಾರಿಗೆ ಗೊತ್ತಿಲ್ಲ? ಒಂದನ್ನು ಕಾಶಿನಾಥನ ಹೊಸ್ತಿಲಿಗೆ ಮುಟ್ಟಿಸಿ, ಉಳಿದವನ್ನು ಕಾಲುವೆಯ ಹರಿಯುವ ನೀರಿಗೆ ಬಿಟ್ಟು, ತಲೆಗೆ ಸ್ನಾನ ಮಾಡಿ ಬಂದಳು. ಮರುದಿನ ಎಮ್ಮೆ ಹಾಲು ಕೊಟ್ಟಿತು.

ವಿಜಯೀಂದ್ರ ಮನಸ್ಸಿನಲ್ಲೇ ನೇತ್ರಾಳ ಚೀಲವನ್ನು ಮತ್ತೊಮ್ಮೆ ಜೋಡಿಸಿ ನೋಡಿದ. ಮಣ್ಣಿನ ಸೂಕ್ಷ್ಮಜೀವಿಗಳು ಒಳಗೆ ಹೋಗಲೆಂದು ಪರದೆ. ಎರಿಯ ಕರಿ ಮಣ್ಣಿನಲ್ಲಿ ಎದ್ದು ಕಾಣಲೆಂದು ಕೆಂಪು ದಾರ. ಅಂಕಿ ಅಳಿಸಬಾರದೆಂದು ತಾಮ್ರ. ಒಂದೊಂದಕ್ಕೂ ಶಾಸ್ತ್ರದ ಕಾರಣವಿತ್ತು. ಎಲ್ಲವನ್ನೂ ಕೂಡಿಸಿ ಹೊಲಿದಾಗ ಆದದ್ದು ಮಾತ್ರ ಬೇರೊಂದು ಶಾಸ್ತ್ರ. ದಕ್ಷಿಣೆ ತೆಗೆದುಕೊಂಡು ಇದೇ ಕೆಲಸ ಮಾಡುವವರೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

ಕಾಶಿನಾಥನಿಗೆ ಮನಸ್ಸಿಗೆ ಹತ್ತಿತ್ತು. "ಯಕ್ಕಾ, ನಾ ನಿನಗ ಮಾಟ ಮಾಡಸ್ತೀನಿ ಅಂತ ತಿಳಕೊಂಡಿ?"

"ಮಾಡ್ಸಿದಿ ಅಂತ ನಾ ಎಲ್ಲಿ ಅಂದ್ನಿ? ಮಾಡಸೂದಿದ್ರ ನೀನ ಮಾಡಸಬೇಕು ಅಂದೆ. ಊರಾಗ ಮತ್ಯಾರಿಗೆ ಅಷ್ಟು ಪುರಸೊತ್ತೈತಿ?"

ಸುಭಾಸ ಬಾಗಿಲ ಹೊರಗಿನಿಂದ, ಅದು ಖರೇ ಮಾತು ಎಂದು ಸೇರಿಸಿದ.

ಹಾಗಾದರೆ ಮಣ್ಣಿನಿಂದ ಎದ್ದು ಬಂದ ಚೀಲ ಇದೊಂದೇ. ನಾಳೆ ಸಾಹೇಬರ ತಕ್ಕಡಿಯಲ್ಲಿ ಇದೊಂದು ಪಟ್ಟಿ ಹಗುರಾಗಿ ಕಂಡರೂ ನೇತ್ರಾಳ ಶೆಡ್ಡು ಉಳಿಯುತ್ತದೆ. ಕಾಶಿನಾಥ ಹಾಗೆಂದು ಗಟ್ಟಿಯಾಗಿಯೇ ಹೇಳಿ, ಈಗಲೇ ಬಿಚ್ಚಿ ನೋಡೋಣ ಎಂದ. ಬಿಚ್ಚುವುದಾದರೆ ಸಾಹೇಬರೇ ಬಿಚ್ಚಲಿ ಎಂದಳು ನೇತ್ರಾ. ಅವಳ ದನಿಯಲ್ಲಿ ಅವಸರವಿತ್ತು. ಆದರೆ ಕಸ್ತೂರೆವ್ವ ಆಗಲೇ ಕತ್ತರಿಯನ್ನು ಮುಂದೆ ಚಾಚಿದ್ದಳು, ಮತ್ತು ವಿಜಯೀಂದ್ರನಿಗೆ ಕತ್ತರಿ ಕೊಟ್ಟವರನ್ನು ನಿರಾಶೆಗೊಳಿಸಿ ಅಭ್ಯಾಸವಿರಲಿಲ್ಲ. ಒಂದು ಬದಿಯ ಹೊಲಿಗೆ ಕತ್ತರಿಸಿ ಪಟ್ಟಿಯನ್ನು ಹೊರಗೆಳೆದ.

ಇಷ್ಟು ದಿನ ಮಣ್ಣಿನಲ್ಲಿದ್ದ ಗೋವಿನಜೋಳದ ಹಾಳೆ ನೆನೆದ ಹಪ್ಪಳದ ಹಾಗೆ ಚೂರು ಚೂರಾಗಿರಬೇಕಿತ್ತು. ಇದು ಮದುಮಗನ ಹಾಗೆ ಮಿಂಚುತ್ತಿತ್ತು. ವಿಜಯೀಂದ್ರ ಎಳೆದ, ಹರಿಯಲಿಲ್ಲ. ಕಾಶಿನಾಥ ಅದನ್ನು ಕಸಿದುಕೊಂಡು ಕುಡಿಯುವ ನೀರಿನ ತಂಬಿಗೆಯೊಳಗೆ ಅದ್ದಿ, ಬೆರಳಿನಿಂದ ತಿಕ್ಕಿದ. ನೀರು ಹಳದಿಯಾಯಿತು. ಪಟ್ಟಿ ತಿಳಿಯಾಯಿತು. ಬಟ್ಟೆ ಅಂಗಡಿಯಲ್ಲಿ ಹೊಸ ಸೀರೆಗೆ ಸುತ್ತಿ ಕೊಡುತ್ತಾರಲ್ಲ, ಅದೇ ಹಾಳೆ. ಮೇಲೆ ಅರಿಸಿನ ಸವರಿದ್ದರು, ಅಷ್ಟೇ.

"ತಂಗೀ," ಎಂದ ಕಾಶಿನಾಥ ತೀರ ಮೆಲ್ಲಗೆ. "ಇದು ಪ್ಲಾಸ್ಟಿಕ್ ಐತಿ."

"ಹೌದ್ರಿ ಕಾಕಾ."

ಕಾಶಿನಾಥನೇ ಹೇಳುತ್ತಾ ಹೋದ. ನಿನ್ನ ಮಾತು ಕೇಳಿ ಶೆಡ್ಡು ಕೊಡಿಸಿದೆ. ಉಳ್ಳಾಗಡ್ಡಿಯವರ ಬೈಗುಳ ತಿಂದೆ. ಗಂಜಿ ಕುದಿಸಿದರೆ ಹಾಳೆ ಆಗುತ್ತದೆಂದು ಸಭೆಯಲ್ಲಿ ಎದ್ದು ನಿಂತು ಹೇಳಿದವನು ನಾನು. ಈಗ ನಾಳೆ ಸಾಹೇಬರ ಮುಂದೆ ಸೀರೆ ಅಂಗಡಿಯ ಹಾಳೆ ಇಟ್ಟು, ಇದು ಮಣ್ಣಾಗುತ್ತದೆ ನೋಡಿ ಎನ್ನಲೇ? ಮೋಸ ಎಂದು ಬರೆದುಕೊಂಡು ಹೋದರೆ ಇನ್ನು ಈ ಊರಿನ ಹಾಳೆಯನ್ನು ಯಾರೂ ಮೂಸಿಯೂ ನೋಡುವುದಿಲ್ಲ. ನೇತ್ರಾ ಮೊಣಕೈ ಮೇಲೆ ಒಣಗಿದ ಗಂಜಿಯನ್ನು ಉಗುರಿನಿಂದ ಎಬ್ಬಿಸುತ್ತಾ ನಿಂತಿದ್ದಳು. ಅದು ಸಿಪ್ಪೆಯ ಹಾಗೆ ತೆಳ್ಳಗೆ, ಹಳದಿಯಾಗಿ ಎದ್ದು ಬರುತ್ತಿತ್ತು.

ವಿಜಯೀಂದ್ರ ಇದನ್ನು ಕೇಳುತ್ತಿರಲಿಲ್ಲ. ಅವನು ಖಾಲಿ ಚೀಲದ ಇನ್ನೊಂದು ಮೂಲೆಯನ್ನು ಕನ್ನಡಕ ಹಣೆಗೇರಿಸಿ ನೋಡುತ್ತಿದ್ದ.

ಮೂಲೆಯ ಹೊಲಿಗೆಯ ಮಡಿಕೆಯಲ್ಲಿ ಒಂದು ಜೋಳದ ಕಾಳು ಸಿಕ್ಕಿಕೊಂಡಿತ್ತು. ಕಾಳು ಒಡೆದು, ಪರದೆಯ ಕಣ್ಣಿನಿಂದ ಬೆಳ್ಳನೆಯ ಮೊಳಕೆ ಹೊರಗೆ ತಲೆ ಹಾಕಿತ್ತು. ಸಡಿಲವಾಗಿ ಇದ್ದಿದ್ದರೆ ಕಾಳು ಎಲ್ಲಿಂದಲೋ ಬಿದ್ದಿರಬೇಕೆಂದು ಬಿಡಬಹುದಿತ್ತು. ಇದು ಬಿದ್ದದ್ದಲ್ಲ. ಅದರ ಸುತ್ತ ದಾರವನ್ನು ಎರಡು ಸುತ್ತು ಹಾಕಿ ಬಿಗಿದಿದ್ದರು.

ಅವನು ತಲೆಯೆತ್ತಿದ. ಕೌದಿಯ ಕೊನೆಯ ಮೂಲೆಗೆ ಬಂದಿದ್ದ ಕಸ್ತೂರೆವ್ವ, ಪಕ್ಕದ ಬಟ್ಟಲಿನಿಂದ ಒಂದು ಚಿಟಿಕೆ ಜೋಳ ತೆಗೆದು ಬಟ್ಟೆಯ ಮಡಿಕೆಯೊಳಗೆ ಹಾಕಿ, ಸೂಜಿಯಿಂದ ಬಾಯಿ ಮುಚ್ಚುತ್ತಿದ್ದಳು.

ಅದು ಯಾಕೆಂದು ಕೇಳಿದ.

"ಉಣ್ಣಾಕ," ಎಂದಳು ಕಸ್ತೂರೆವ್ವ. "ಹೊಟ್ಟಿ ಖಾಲಿ ಇಟ್ಟು ಬಾಯಿ ಹೊಲಿಬಾರದ್ರಿ. ಹಸದ ಕೌದಿ ಹೊಚಗೊಂಡವರಿಗೆ ನಿದ್ದಿ ಕೊಡೂದಿಲ್ಲ. ನಮ್ಮವ್ವ ಹಿಂಗ ಮಾಡ್ತಿದ್ಲು."

"ಊರಾಗ ಎಲ್ಲಾರೂ ಹಿಂಗ ಮಾಡ್ತಾರೇನು?"

"ಈಗಿನವರಿಗೆ ಕೌದಿನ ಬ್ಯಾಡಾಗೇತಿ, ಕಾಳು ಯಾರು ಹಾಕ್ತಾರ?"

ವಿಜಯೀಂದ್ರ ಚೀಲವನ್ನು ಅವಳ ಮುಂದೆ ಹಿಡಿದು, ಮೊಳಕೆಯನ್ನು ಕಿರುಬೆರಳಿನಿಂದ ತೋರಿಸಿದ. ಕಸ್ತೂರೆವ್ವನ ಸೂಜಿ ಅರ್ಧಕ್ಕೆ ನಿಂತಿತು.

ಅವನು ಈಗ ಯಾರನ್ನೂ ನೋಡದೆ ಮಾತಾಡಿದ. ಬಿತ್ತನೆಯ ಕಾಲದಿಂದ ಮಣ್ಣಿನಲ್ಲಿದ್ದ ಕಾಳಾಗಿದ್ದರೆ ಎಂದೋ ಮೊಳೆತು, ಎಂದೋ ಸತ್ತು, ಮಣ್ಣಾಗಿರಬೇಕಿತ್ತು. ಇದು ಹೊಸ್ತಿಲಿಗೆ ಸಾರಿಸಿದ ಸೆಗಣಿ ನೀರು ಕುಡಿದು ಎದ್ದ ಮೊಳಕೆ. ಬಿಸಿಲು ಕಾಣದೆ ಬೆಳ್ಳಗಾಗಿದೆ. ಹೆಚ್ಚೆಂದರೆ ವಾರದ ಕೂಸು. ಅಂದ ಮೇಲೆ ಈ ಚೀಲ ಬದುವಿನಲ್ಲಿ ಇದ್ದದ್ದೇ ಅಲ್ಲ. ಇದನ್ನು ಹೊಲಿದಿದ್ದೇ ಈಗ. ಹೊಲಿದದ್ದು ಈ ಪಡಸಾಲೆಯಲ್ಲಿ, ಈ ದಾರದಲ್ಲಿ. ಎಮ್ಮೆ ಹಾಲು ಕಟ್ಟಿದ್ದು ಖರೆ ಇರಬಹುದು, ಮಿಕ್ಸಿ ಸುಟ್ಟದ್ದೂ ಖರೆ ಇರಬಹುದು. ಹೊಳೆಪ್ಪನ ಮೊಣಕಾಲನ್ನು ಅವನು ಪ್ರಶ್ನಿಸುವುದಿಲ್ಲ. ಆದರೆ ಮಾಟಕ್ಕೆ ಅಂಜಿದವರು, ಮಾಟದ ಚೀಲದಂಥದ್ದೇ ಇನ್ನೊಂದನ್ನು ಕುಳಿತು ಹೊಲಿದು, ಅದಕ್ಕೆ ಹಸಿವಾದೀತೆಂದು ಜೋಳ ಹಾಕುವುದಿಲ್ಲ.

ತಾನು ಇಷ್ಟು ಹೊತ್ತು ನಂಬಿದ ಕಥೆ ಎಷ್ಟು ಚೆನ್ನಾಗಿತ್ತೆಂದು ಅವನಿಗೆ ಒಂದು ಗಳಿಗೆ ಮೆಚ್ಚುಗೆಯೇ ಆಯಿತು. ಪೇಟೆಯಿಂದ ಬಂದ ಕನ್ನಡಕದ ಮನುಷ್ಯ ಹಳ್ಳಿಯ ಮುದುಕಿಯ ಬಾಯಿಂದ ಏನು ಕೇಳಲು ಇಷ್ಟಪಡುತ್ತಾನೋ, ಅದನ್ನೇ ಅವಳು ಚಹಾದ ಜೊತೆ ಕೊಟ್ಟಿದ್ದಳು. ಸಕ್ಕರೆ ಸಹ ಸರಿಯಾಗಿತ್ತು.

ಕಸ್ತೂರೆವ್ವ ಸೂಜಿಯನ್ನು ಕೌದಿಗೆ ಚುಚ್ಚಿ ನಿಲ್ಲಿಸಿದಳು. ಸಿಕ್ಕಿಬಿದ್ದವರ ಮುಖ ಅವಳದಾಗಿರಲಿಲ್ಲ. ಬಹಳ ಹೊತ್ತಿನಿಂದ ಹೊತ್ತ ಕೊಡವನ್ನು ಇಳಿಸುವವರ ಮುಖವಾಗಿತ್ತು.

"ಹೊಲಿದಾಕಿ ನಾನ ರಿ ರಾಯರ. ಇಷ್ಟೊತ್ತನಕ ಹುಗದಾಕಿ ಯಾರಂತ ಕೇಳಿದ್ರಿ, ಹೇಳಿದೆ. ಹೊಲಿ ಅಂತ ಹೇಳಿದಾಕಿ ಯಾರಂತ ಯಾರೂ ಕೇಳಲಿಲ್ಲ."

ಪಡಸಾಲೆಯಲ್ಲಿ ಹಾಗೆ ಹೇಳಬಹುದಾದ ಇನ್ನೊಬ್ಬಾಕೆ ಒಬ್ಬಳೇ ಇದ್ದಳು. ಕಳೆದದ್ದೂ ಅವಳದೇ ಚೀಲ, ನಾಳೆ ಬೀದಿಗೆ ಬೀಳುವುದೂ ಅವಳದೇ ಭಗೋಣಿ. ವಿಜಯೀಂದ್ರ ಗೋಡೆಯ ಕಡೆ ತಿರುಗಿ ಬಾಯಿ ತೆರೆದ.

"ಕೇಳಬ್ಯಾಡ್ರಿ ಸರ್," ಎಂದಳು ನೇತ್ರಾ.

ಅವಳು ಗೋಡೆ ಬಿಟ್ಟು ಬಂದು ಕೌದಿಯ ಅಂಚಿನಲ್ಲಿ, ಕಸ್ತೂರೆವ್ವನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತಳು. ಶೆಡ್ಡು ಹೋಗುವ ಮಾತಿಗೆ ಗಂಜಿ ಕೆರೆಯುತ್ತಾ ನಿಂತಿದ್ದವಳು ಈಗ ಕೌದಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

"ನಾನ ಹೊಲಿಸೇನಿ. ಯಾಕಂತ ನಾಳೆ ಸಾಹೇಬ್ರ ಮುಂದ ಹೇಳ್ತೀನಿ. ಇವತ್ತ ಕೇಳಬ್ಯಾಡ್ರಿ. ಕೇಳಿದ್ರೂ ಇಲ್ಲಿ ಕೇಳಬ್ಯಾಡ್ರಿ."

ಅವಳು ನೋಡುತ್ತಿದ್ದುದು ವಿಜಯೀಂದ್ರನನ್ನಲ್ಲ, ಕಸ್ತೂರೆವ್ವನನ್ನೂ ಅಲ್ಲ. ಬಾಗಿಲನ್ನು. ಅಲ್ಲಿ ಇಬ್ಬರು ನಿಂತಿದ್ದರು. ಹಳದಿ ನೀರಿನ ತಂಬಿಗೆ ಹಿಡಿದ ಕಾಶಿನಾಥ, ಅವನ ಹೆಗಲ ಹಿಂದೆ ಸುಭಾಸ.

"ಯಾಕ?" ಎಂದ ಕಾಶಿನಾಥ.

ಕೇಳದೆಯೇ ಹೇಳುವ ಸುಭಾಸ ಮಾತ್ರ ಏನೂ ಕೇಳಲಿಲ್ಲ, ಉತ್ತರ ಮೊದಲೇ ಗೊತ್ತಿದ್ದವನ ಹಾಗೆ.